ಮೇಟಿ ಮತ್ತು ಸೋಡಿಯಂ

ಆಗಿನ್ನೂ ನಮ್ಮ ಕಡೆ ರಾಶಿ ಮಾಡುವ ಯಂತ್ರ ಎಲ್ಲರ ಹೊಲಕ್ಕೂ ಬಂದಿರಲಿಲ್ಲ. ಮುನವಳ್ಳಿಯ ಆಚೆ, ಎರೆ ಹೊಲಗಳ ನಡುವಿನ ನಮ್ಮೂರಿನಲ್ಲಿ ತೊಂಬತ್ತರ ದಶಕ ಮುಗಿಯುತ್ತ ಬಂದರೂ ಜೋಳದ ರಾಶಿ ಅಂದರೆ ಕಣ, ಕಣ ಅಂದರೆ ಹಂತಿ. ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಅದಕ್ಕೆ ನಾಲ್ಕೈದು ಎತ್ತುಗಳನ್ನು ಒಂದೇ ಸಾಲಾಗಿ ಕಟ್ಟಿ, ಹರವಿದ ತೆನೆಗಳ ಮೇಲೆ ಸುತ್ತು ಹೊಡೆಸುವುದೇ ಹಂತಿ. ಆ ವಾಸನೆ ನಿಮ್ಮಲ್ಲೂ ಕೆಲವರಿಗೆ ನೆನಪಿರಬೇಕು. ಸಗಣಿ ಸಾರಿಸಿದ ನೆಲ, ಒಣಗಿದ ಹೊಟ್ಟು, ಎತ್ತಿನ ಬೆವರು ಎಲ್ಲ ಕೂಡಿದ ವಾಸನೆ. ಆ ಧೂಳು ಮೈಗೆ ಹತ್ತಿದರೆ ಸಂಜೆತನಕ ತುರಿಕೆ. ಇವತ್ತಿಗೂ ಎಲ್ಲಾದರೂ ಆ ವಾಸನೆ ಬಂದರೆ ನನಗೆ ಮೊದಲು ರಸಾಯನಶಾಸ್ತ್ರ ನೆನಪಾಗುತ್ತದೆ. ಆಮೇಲೆ ಅಳು ಬರುತ್ತದೆ.

ನನಗಾಗ ಹನ್ನೊಂದು ವರ್ಷ. ಅಕ್ಕ ನೀಲಕ್ಕ ಪಿಯುಸಿ ಎರಡನೇ ವರ್ಷದಲ್ಲಿ ಸೈನ್ಸ್ ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಸವದತ್ತಿಗೆ ಹೋಗಿಬರುತ್ತಿದ್ದಳು. ಹತ್ತನೆಯ ತನಕ ಕನ್ನಡದಲ್ಲಿ ಓದಿದವಳಿಗೆ ಒಮ್ಮೆಲೇ ಎಲ್ಲವೂ ಇಂಗ್ಲಿಷಿನಲ್ಲಿ ಬಂದು ಮೈಮೇಲೆ ಬಿದ್ದಿತ್ತು. ಗಣಿತವನ್ನು ಹೇಗೋ ದಾಟಿದಳು, ಫಿಜಿಕ್ಸ್ ಜೊತೆ ಜಗಳವಾಡಿ ರಾಜಿಯಾದಳು. ಕೆಮಿಸ್ಟ್ರಿ ಮಾತ್ರ ಒಲಿಯಲಿಲ್ಲ. ಆ ವರ್ಷ ರಾಶಿಯೂ ಪರೀಕ್ಷೆಯೂ ಕೂಡಿಯೇ ಬಂದವು. ಕೆಮಿಸ್ಟ್ರಿ ಪೇಪರಿಗೆ ಮುಂಚೆ ಐದು ದಿನ ಬಿಡುವು. ಮನೆಯವರೆಲ್ಲ ಹೊಲದಲ್ಲಿರುವಾಗ ಅವಳೊಬ್ಬಳು ಮನೆಯಲ್ಲಿ ಕೂತು ಓದುವ ರೂಢಿ ನಮ್ಮಲ್ಲಿ ಎಲ್ಲಿಯದು? ರೊಟ್ಟಿಗಂಟಿನ ಜೊತೆ ಪುಸ್ತಕವನ್ನೂ ಕಟ್ಟಿಕೊಂಡು ಕಣಕ್ಕೆ ಬಂದಳು.

ಬೇವಿನ ಮರದ ನೆರಳಿನಲ್ಲಿ ನನ್ನ ಕೈಗೆ ನೋಟ್‌ಬುಕ್ ಕೊಟ್ಟು ಪಾಠ ಒಪ್ಪಿಸುತ್ತಿದ್ದಳು. ತನಗೆ ತಿಳಿಯಲೆಂದು ಇಂಗ್ಲಿಷಿನ ಕೆಳಗೆ ಕನ್ನಡದಲ್ಲೂ ಬರೆದುಕೊಂಡಿದ್ದಳು. ‘ಅನಿಲ ಸ್ಥಿತಿಯಲ್ಲಿರುವ ಒಂದು ಒಂಟಿ ಪರಮಾಣುವಿನಿಂದ, ಅತ್ಯಂತ ಸಡಿಲವಾಗಿರುವ ಎಲೆಕ್ಟ್ರಾನನ್ನು ಬಿಡಿಸಲು ಬೇಕಾಗುವ ಶಕ್ತಿಯೇ ಅಯಾನೀಕರಣ ಶಕ್ತಿ.’ ಪ್ರತಿ ಸಲವೂ ಅವಳು ಒಂದು ಶಬ್ದ ಬಿಡುತ್ತಿದ್ದಳು.

“ಅಕ್ಕಾ, ಒಂಟಿ ಅನ್ನೂದ ಬಿಟ್ಟಿ.”

“ಮತ್ತ ಬಿಟ್ಟೆನ? ಅರ್ಧ ಮಾರ್ಕ ಹೋತ ನೋಡ. ಅಲ್ಲಾ, ಒಂಟಿ ಪರಮಾಣು ಎಲ್ಲಿರತೈತೆಲೇ ಕಸ್ತೂರಿ? ನಮ್ಮನ್ಯಾಗ ಒಬ್ಬಾಕೀಗೆ ಕುಂಡ್ರಾಕ ಮೂಲಿ ಸಿಗೂದಿಲ್ಲ.”

ನನಗೆ ಏನೂ ತಿಳಿಯುವುದಿಲ್ಲ ಎಂದು ಗೊತ್ತಾದಾಗ ಅವಳು ಪುಸ್ತಕ ಮುಚ್ಚಿ ಹಂತಿಯ ಕಡೆ ಕೈ ಮಾಡಿದಳು.

“ಅಲ್ಲಿ ನೋಡ. ಮೇಟಿ ಐತೆಲ್ಲ, ಅದ ನ್ಯೂಕ್ಲಿಯಸ್. ಸುತ್ತ ತಿರಗೂ ಎತ್ತ ಎಲೆಕ್ಟ್ರಾನ. ಈಗ ಒಂದ ಎತ್ತ ಬಿಚ್ಚಬೇಕಂದ್ರ ಅಪ್ಪ ಯಾವುದನ್ನ ಬಿಚ್ಚತಾನ?”

“ಹೊರಗಿಂದ.”

“ಯಾಕ?”

“ಅದು ತುದಿಗಿರತೈತಿ. ಒಳಗಿಂದನ್ನ ಬಿಚ್ಚಾಕ ಹೋದ್ರ ಉಳಿದೂವೆಲ್ಲಾ ಅಡ್ಡ ಬರತಾವ.”

“ಹಾಂ! ಮೇಟಿ ಹತ್ರ ಇದ್ದದ್ದು ಲಗೂನ ಬಿಡೂದಿಲ್ಲ. ದೂರ ಹೋದಂಗ ಸಡ್ಲ. ಅದಕ್ಕ ಸೋಡಿಯಂಕಿಂತಾ ಪೊಟ್ಯಾಸಿಯಂ ಇನ್ನೂ ಸಡ್ಲ, ಒಂದ ಸುತ್ತ ಆಚೇಕ ಐತೆಲ್ಲ. ಮತ್ತ ಒಂದ ಬಿಚ್ಚಿದ ಮ್ಯಾಲ ಎರಡನೇದ ಬಿಚ್ಚೂದು ಭಾಳ ತ್ರಾಸ. ಉಳಿದೂವನ್ನ ಮೇಟಿ ಬಿಗಿ ಹಿಡಕೊಂತೈತಿ.”

ಹೇಳುತ್ತ ಹೇಳುತ್ತ ಅವಳಿಗೇ ಪಾಠ ತಿಳಿಯಿತು. ಮುಖ ಅರಳಿತು. ಎದ್ದುಹೋಗಿ ಒಲೆಯ ಬೂದಿ ತಂದು ಕಣದ ಅಂಚಿನಲ್ಲಿ ಕುಂಟಾಟದ ಮನೆಗಳನ್ನು ಬರೆದಳು, ಮನೆಗೊಂದು ಮೂಲಧಾತು. ಎಡದಿಂದ ಬಲಕ್ಕೆ ಎಂಟು, ಮೇಲಿಂದ ಕೆಳಕ್ಕೆ ನಾಲ್ಕು. ನಾನು ಒಂಟಿಕಾಲಿನಲ್ಲಿ ಕುಂಟುತ್ತ ಮನೆ ದಾಟಬೇಕು, ಅವಳು ನನ್ನ ಲಂಗದ ಅಂಚು ಹಿಡಿದು ಜಗ್ಗಬೇಕು. ಬಲಕ್ಕೆ ಹೋದಂತೆ ಬಿಗಿಯಾಗಿ ಜಗ್ಗುತ್ತಿದ್ದಳು, ಕೆಳಕ್ಕೆ ಬಂದಂತೆ ಸಡಿಲ ಬಿಡುತ್ತಿದ್ದಳು. ನೈಟ್ರೋಜನ್ ಬಂದಾಗ ಮಾತ್ರ ಇಬ್ಬರೂ ತಪ್ಪುತ್ತಿದ್ದೆವು. ಲೆಕ್ಕದ ಪ್ರಕಾರ ಅದರ ಬಲಕ್ಕಿರುವ ಆಕ್ಸಿಜನ್ ಹೆಚ್ಚು ಬಿಗಿಯಾಗಿರಬೇಕು. ಆದರೆ ನೈಟ್ರೋಜನ್ನೇ ಹೆಚ್ಚು ಬಿಗಿ. “ಇದೊಂದ ಹಟಮಾರಿ,” ಎಂದು ಬೈದು, ಅದರ ಕಾರಣವನ್ನು ಹತ್ತು ಸಲ ಬಾಯಿಪಾಠ ಮಾಡಿದಳು.

ಅಪ್ಪ ಹಂತಿ ನಿಲ್ಲಿಸಿ ನೀರು ಕುಡಿಯಲು ಬಂದ. “ಏನ್ರವಾ ಇದು, ಕಣದಾಗ ಮನಿ ಕಟ್ಟಾಕ ಹತ್ತೀರಿ?”

ನಾನು ಗತ್ತಿನಿಂದ ಎಣಿಸಿ ತೋರಿಸಿದೆ. “ಲಾಭ ಹೈಡ್ರೋಜನ್, ಎರಡ ಹೀಲಿಯಂ, ಮೂರ ಲಿಥಿಯಂ...”

ಕಣದಲ್ಲಿ ಕಾಳು ಅಳೆಯುವಾಗ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎಂದೇ ಎಣಿಕೆ ಶುರು. ಆ ರೂಢಿಯಲ್ಲೇ ನನ್ನ ಬಾಯಿಗೆ ಹಾಗೆ ಬಂತು. ನೀಲಕ್ಕ ಹೊಟ್ಟಿನ ಮೇಲೆ ಬಿದ್ದು ಹೊರಳಾಡಿ ನಕ್ಕಳು. ಅವಳ ಕೂದಲ ತುಂಬ ಹೊಟ್ಟು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿದಾಗಲೂ ನನ್ನ ಮುಖ ನೋಡಿ “ಲಾಭ” ಎಂದು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದು ಅದೇ ಕೊನೆ ಎಂದು ಆಗ ಯಾರಿಗೆ ಗೊತ್ತಿತ್ತು.

ಆ ದಿನ ಊಟದ ಹೊತ್ತಿಗೆ ಅವ್ವ ಅಪ್ಪನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಪಾಸಾದ್ರ ಖರೇನ ಧಾರವಾಡಕ್ಕ ಕಳಸ್ತೀರೇನ? ಹಾಸ್ಟೆಲ್ದಾಗ ಇಟ್ಟ?”

“ಮಾತ ಕೊಟ್ಟೇನಲ್ಲ. ಪಾಸಾದ್ರ ಕಳಸೂದ.”

ನಾನು ಕೈಯಲ್ಲಿದ್ದ ರೊಟ್ಟಿಯನ್ನು ತಿರುಗಿ ಗಂಟಿಗೆ ಹಾಕಿದೆ. ನೀಲಕ್ಕ ಇಲ್ಲದ ಮನೆಯನ್ನು ನಾನು ಕಂಡೇ ಇರಲಿಲ್ಲ. ನನ್ನ ತಲೆ ಬಾಚುವವಳು ಅವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗುವವಳು ಅವಳು. ಅಪ್ಪನ ಮಾತಿಗೆ ಇನ್ನೊಂದು ಮಗ್ಗುಲಿತ್ತು. ಫೇಲಾದರೆ ಸುರೇಬಾನದಿಂದ ಬಂದಿದ್ದ ಮದುವೆಯ ಸಂಬಂಧಕ್ಕೆ ಹೂಂ ಅನ್ನುವುದೆಂದು ಅಪ್ಪ ಅವ್ವ ಮೊದಲೇ ಮಾತಾಡಿಕೊಂಡಿದ್ದರು. ಅದು ನನಗೆ ಗೊತ್ತಿರಲಿಲ್ಲ. ಪಾಸಾದರೆ ಹೋಗುತ್ತಾಳೆ ಎಂಬುದಷ್ಟೇ ನನಗೆ ಗೊತ್ತು. ಹಾಗಾದರೆ ಪಾಸಾಗದಿದ್ದರೆ ಉಳಿಯುತ್ತಾಳೆ.

ಪರೀಕ್ಷೆಯ ಹಿಂದಿನ ಸಂಜೆ ಕಣದಿಂದ ಮನೆಗೆ ಹೊರಡುವ ಮುಂಚೆ, ಅವಳು ಬುತ್ತಿಯ ಪಾತ್ರೆ ತೊಳೆಯಲು ಹೋದಾಗ, ಪುಸ್ತಕದಲ್ಲಿದ್ದ ಅವಳ ಹಾಲ್ ಟಿಕೆಟ್ ತೆಗೆದುಕೊಂಡೆ. ಮೇಟಿಗೆ ಒಂದು ಹಿಡಿ ತೆನೆ ಕಟ್ಟುವುದು ಪದ್ಧತಿ, ರಾಶಿ ಮುಗಿಯುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲ. ಬುಟ್ಟಿ ಬೋರಲು ಹಾಕಿ ಮೇಲೆ ನಿಂತು, ಅವಳ ಫೋಟೊ ಇದ್ದ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತೆನೆಯ ಕಟ್ಟಿನೊಳಗೆ ತುರುಕಿದೆ. ಮೇಟಿಯ ಹತ್ತಿರ ಇದ್ದದ್ದು ಬಿಟ್ಟುಹೋಗುವುದಿಲ್ಲ. ಅವಳೇ ಹೇಳಿದ್ದಳಲ್ಲ.

ಸಣ್ಣವಳಿದ್ದೆ, ತಿಳಿಯದೆ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸುಳ್ಳು. ಆ ಕಾಗದ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ನೀಲಕ್ಕ ಪುಸ್ತಕ ಕೊಡವಿದಳು, ಚೀಲ ಕೊಡವಿದಳು, ಟ್ರಂಕಿನ ಬಟ್ಟೆಯೆಲ್ಲ ಹೊರಗೆ ಚೆಲ್ಲಿದಳು. ಅವ್ವ ದೇವರಿಗೆ ಹರಕೆ ಹೊತ್ತಳು. ಅಪ್ಪ ಬಸ್ಸಿನ ದಾರಿ ನೋಡುತ್ತ ಬಾಗಿಲಲ್ಲಿ ನಿಂತಿದ್ದ.

“ಕಸ್ತೂರಿ, ನೀ ನೋಡೀಯೇನವಾ?” ನೀಲಕ್ಕ ಕೇಳಿದಳು. ಬೈಯಲಿಲ್ಲ, ಬೇಡಿಕೊಳ್ಳುವ ಹಾಗೆ ಕೇಳಿದಳು.

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಹೊಲ ಮುಕ್ಕಾಲು ಮೈಲು ದೂರ. ಆಗಲೇ ಹೇಳಿದ್ದರೆ ಓಡಿಹೋಗಿ ತಂದು ಮುಂದಿನ ಬಸ್ಸಾದರೂ ಹಿಡಿಯಬಹುದಿತ್ತು. ಬಸ್ಸಿನ ಹಾರ್ನ್ ಕೇಳಿ ಅವಳು ಬರಿಗೈಯಲ್ಲಿ ಓಡಿದಳು.

ಮಧ್ಯಾಹ್ನ ನೆಟ್ಟಗೆ ಕಣಕ್ಕೆ ಬಂದಳು. ಬಾಗಿಲಲ್ಲೇ ನಿಲ್ಲಿಸಿದರಂತೆ. ಗುರುತಿನ ಲೆಕ್ಚರರ್ ಬಂದು, ಅರ್ಜಿ ಬರೆಸಿ, ಒಳಗೆ ಬಿಡುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತಂತೆ.

“ನೈಟ್ರೋಜನ್ ಬಂದಿತ್ತಬೇ,” ಎಂದಳು ಅವ್ವನಿಗೆ. ಅವ್ವನಿಗೆ ಏನು ತಿಳಿಯಬೇಕು. “ಅದ ಕಡೀ ಪ್ರಶ್ನಿ. ಪೂರಾ ಬರತಿತ್ತ ನನಗ. ಬರಿಯಾಕ ಹೊತ್ತ ಸಾಲಲಿಲ್ಲ.”

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಸಬರಿಗೆ ಹಿಡಿದು ಕಾಳು ಕೂಡಿಸತೊಡಗಿದಳು. ಅಂಚಿನಲ್ಲಿ ಬರೆದ ಬೂದಿಯ ಮನೆಗಳ ಮೇಲೆ ಅಷ್ಟೊತ್ತಿಗೆ ಎತ್ತು ತುಳಿದು ಹೋಗಿದ್ದವು.

ಎರಡು ದಿನದ ಮೇಲೆ ರಾಶಿ ಮುಗಿಯಿತು. ಆ ತೆನೆಕಟ್ಟನ್ನು ಹಿರೇಮಗಳು ಬಿಚ್ಚಿ ಮನೆಯ ಬಾಗಿಲಿಗೆ ಕಟ್ಟುವುದು ನಮ್ಮ ಮನೆತನದ ರೂಢಿ. ನೀಲಕ್ಕ ಬಿಚ್ಚುವಾಗ ನಾನು ಬಣವೆಯ ಹಿಂದೆ ಅಡಗಿ ಕೂತಿದ್ದೆ. ಬೈಗುಳ ಕೇಳಿಸಲಿಲ್ಲ, ಅಳು ಕೇಳಿಸಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲಿಗೆ ಕಟ್ಟಿದ ತೆನೆಯೊಳಗೆ ಬೆರಳು ಹಾಕಿ ನೋಡಿದೆ. ಕಾಗದ ಇರಲಿಲ್ಲ. ಎಲ್ಲೋ ಬಿದ್ದು ಎತ್ತಿನ ಕಾಲಿಗೆ ಸಿಕ್ಕಿರಬೇಕೆಂದು ಸಮಾಧಾನ ಮಾಡಿಕೊಂಡೆ.

ನೀಲಕ್ಕ ನಾಲ್ಕು ಅಂಕದಿಂದ ಫೇಲಾದಳು. ಮುಂದಿನ ಪರೀಕ್ಷೆಯನ್ನು ಗಂಡನ ಮನೆಯಿಂದಲೇ ಬರೆಯಲಿ ಎಂದು ಸುರೇಬಾನದವರು ದೊಡ್ಡ ಮನಸ್ಸಿನಿಂದ ಹೇಳಿದರು. ಮದುವೆಯಾಯಿತು. ಪರೀಕ್ಷೆಯ ಮಾತು ಮತ್ತೆ ಬರಲಿಲ್ಲ. ಅವಳನ್ನು ಧಾರವಾಡಕ್ಕೆ ಬಿಡಬಾರದೆಂದು ನಾನು ಮಾಡಿದ ಕೆಲಸ ಅವಳನ್ನು ರಾಮದುರ್ಗದ ಕಡೆಯ ಸುರೇಬಾನಕ್ಕೆ ಕಳಿಸಿತು. ಧಾರವಾಡದಿಂದಾದರೆ ರಜೆಗೆ ಬರುತ್ತಿದ್ದಳು. ಸುರೇಬಾನದಿಂದ ಪಂಚಮಿಗೆ ಕರೆಯಲು ಹೋದರೂ ಎರಡು ವರ್ಷಕ್ಕೊಮ್ಮೆ ಕಳಿಸಿದರೆ ಹೆಚ್ಚು.

ನನ್ನ ಹತ್ತನೆಯ ಫಲಿತಾಂಶ ಬಂದಾಗ ಬೈಲಹೊಂಗಲದ ಹಾಸ್ಟೆಲಿನಲ್ಲಿಟ್ಟು ಓದಿಸಲು ಅಪ್ಪ ಒಪ್ಪಲಿಲ್ಲ. ನಾನೂ ಹೋದರೆ ಮನೆ ಬರಿದಾಗುತ್ತದೆಂದು ಅವ್ವ ಊಟ ಬಿಟ್ಟಳು. ಸುದ್ದಿ ಹೇಗೆ ಮುಟ್ಟಿತೋ, ನೀಲಕ್ಕ ಸೊಂಟದ ಮೇಲೆ ಕೂಸು ಹೊತ್ತುಕೊಂಡು ಒಬ್ಬಳೇ ಬಂದಳು.

“ಒಬ್ಬಾಕೀನ್ನ ಕಳಿಸಿದ ಮ್ಯಾಲ ಇನ್ನೊಬ್ಬಾಕೀನ್ನ ಬಿಡಾಕ ಜೀವ ಒಪ್ಪೂದಿಲ್ಲ ಅಪ್ಪಾ. ಅದು ಹಂಗ ಇರೂದ, ನಾ ಓದೇನಿ,” ಎಂದಳು. “ಆದ್ರೂ ಬಿಡ. ಈಕಿ ಓದ್ಲಿ.”

ಅಪ್ಪ ಎದ್ದು ಅವಳ ಸೊಂಟದ ಮೇಲಿನ ಕೂಸನ್ನು ಎತ್ತಿಕೊಂಡ. ಆಮೇಲೆ ಹೂಂ ಎಂದ. ನಾನು ಓದಿದೆ. ಅದೂ ರಸಾಯನಶಾಸ್ತ್ರವನ್ನೇ ಓದಿದೆ. ಯಾರ ಪಾಲಿನದನ್ನು ಉಣ್ಣುತ್ತಿದ್ದೇನೆಂದು ನನಗೆ ಪ್ರತಿ ತುತ್ತಿಗೂ ಗೊತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ನೀಲಕ್ಕನ ಎದೆಯಲ್ಲಿ ಗಂಟಾಯಿತು. ಅದನ್ನು ಯಾರಿಗೂ ಹೇಳದೆ ಅವಳು ವರ್ಷ ಕಳೆದಿದ್ದಳು. ದವಾಖಾನೆ ಸುತ್ತಿ ಮುಗಿದ ಮೇಲೆ ನಮ್ಮೂರಿಗೇ ಬಂದು ಮಲಗಿದಳು. ಒಂದು ಮಧ್ಯಾಹ್ನ ಅವಳ ತಲೆ ಬಾಚಲು ಕೂತೆ. ಬಾಚಲು ಕೂದಲೇ ಉಳಿದಿರಲಿಲ್ಲ. ಹಣಿಗೆ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ಮೇಟಿ, ತೆನೆ, ಹಾಲ್ ಟಿಕೆಟ್.

“ತೆನಿ ಬಿಚ್ಚಿದಾಕಿ ನಾನ ಅಲ್ಲೇನ ಹುಚ್ಚಿ?” ಎಂದಳು ಅವಳು.

“ಗೊತ್ತಿತ್ತ? ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಅಪ್ಪ ನಿನ್ನ ಸಾಲಿ ಬಿಡಸ್ತಿದ್ದ.” ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. “ಪಾಠ ಹೇಳಿಕೊಟ್ಟಾಕಿ ನಾನ. ನೀ ಬರೋಬ್ಬರಿ ಕಲ್ತಿದ್ದಿ. ಅಳಬ್ಯಾಡ.”

ಆ ತಿಂಗಳೇ ಹೋದಳು.

ಈಗ ನಮ್ಮ ಹೊಲದಲ್ಲಿ ಕಣವಿಲ್ಲ. ಯಂತ್ರ ಬಂದು ಒಂದೇ ತಾಸಿನಲ್ಲಿ ಕಾಳು ಬೇರೆ, ಹೊಟ್ಟು ಬೇರೆ ಮಾಡಿ ಹೋಗುತ್ತದೆ. ನಾನು ಪಾಠ ಮಾಡುವ ತರಗತಿಯಲ್ಲಿ ಮೇಟಿ ಅಂದರೆ ಏನೆಂದು ಒಂದು ಹುಡುಗಿಗೂ ಗೊತ್ತಿಲ್ಲ. ಹಂತಿಯ ಉದಾಹರಣೆ ನಾನು ಯಾವತ್ತೂ ಕೊಡುವುದಿಲ್ಲ. ಅಯಾನೀಕರಣ ಶಕ್ತಿಯ ಗ್ರಾಫ್ ಬರೆದು ನೈಟ್ರೋಜನ್ ತನಕ ಬಂದಾಗ ಸೀಮೆಸುಣ್ಣ ಬದಲಿಸುವ ನೆವ ಮಾಡಿ ಒಂದು ಗಳಿಗೆ ಬೋರ್ಡಿನ ಕಡೆಗೇ ಮುಖ ಮಾಡಿ ನಿಲ್ಲುತ್ತೇನೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ವ್ಯಾಖ್ಯೆಯಲ್ಲಿ ‘ಒಂಟಿ’ ಎಂಬ ಶಬ್ದ ಬಿಟ್ಟವರು ಪ್ರತಿ ವರ್ಷವೂ ಸಿಗುತ್ತಾರೆ. ಅರ್ಧ ಅಂಕ ಕಳೆಯಬೇಕೆಂಬುದು ನಿಯಮ. ನಾನು ಕಳೆಯುವುದಿಲ್ಲ.