ಕೊನೆ ಬೆಂಚಿನಕ್ಕ

ಆನ್‌ಲೈನ್ ಪಾಠ ತಯಾರಿಸುವ ಆ ಕಚೇರಿಯಲ್ಲಿ, ಪಾಠಗಳನ್ನು ಮಕ್ಕಳಿಗೆ ಕಳಿಸುವ ಮೊದಲು ಪರೀಕ್ಷಿಸುವ ಅವಳ ಅಡ್ಡಹೆಸರು ‘ಕೊನೆ ಬೆಂಚಿನಕ್ಕ’. ಹೊಸ ಪಾಠ ಬಂತೆಂದರೆ ಗಾಜು ಒಡೆದ ಹಳೇ ಮೊಬೈಲ್ ಹಿಡಿದು, ಸಿಗ್ನಲ್ ಕುಂಟುವ ಮೆಟ್ಟಿಲ ಕೆಳಗೆ ಹೋಗಿ ಕೂರುತ್ತಾಳೆ. ಒಮ್ಮೆ ಕಣ್ಣು ಮುಚ್ಚಿ ಕೇಳುತ್ತಾಳೆ, ಒಮ್ಮೆ ಹೆಬ್ಬೆರಳೊಂದರಲ್ಲೇ ಉತ್ತರ ಒತ್ತುತ್ತಾಳೆ. ಎಲ್ಲಾದರೂ ತಡವರಿಸಿದಳೋ, “ಕೊನೆ ಬೆಂಚಿಗೆ ಮುಟ್ಟಲಿಲ್ಲ” ಎಂದು ಪಾಠ ವಾಪಸ್. “ಯಾರೋ ಒಬ್ಬರಿಗೋಸ್ಕರ ಇಷ್ಟೆಲ್ಲಾ ಬೇಕಾ ಅಕ್ಕ?” ಎಂದು ಜೊತೆಯವರು ಗೋಗರೆದರೆ, “ಆ ಒಬ್ಬರಿಗೇ ಕಣ್ರಪ್ಪಾ ಬೇಕಾಗಿರೋದು” ಎನ್ನುತ್ತಾಳೆ, ಬ್ರಹ್ಮ ಬಂದು ಹೇಳಿದರೂ ಜಗ್ಗುವುದಿಲ್ಲ. ಕಡೆಗೆ ತನ್ನ ಕಿವಿಯ ಮಷೀನು ತೆಗೆದು ಮೇಜಿನ ಮೇಲಿಟ್ಟು, ಪಾಠ ಹೇಳುವವರ ತುಟಿಯನ್ನೇ ನೋಡುತ್ತಾಳೆ. ಅವರ ಮುಖ ಚೂರು ಆಚೆ ತಿರುಗಿದರೂ ಮತ್ತೆ ಚಿತ್ರೀಕರಣ. “ನಮ್ಮ ಮೇಷ್ಟ್ರು ಬಹಳ ಒಳ್ಳೇವರು,” ಅನ್ನುತ್ತಾಳೆ. “ಆದ್ರೆ ಬೋರ್ಡಿನ ಕಡೆ ತಿರುಗಿ ಪಾಠ ಹೇಳ್ತಿದ್ರು. ಸ್ಕೂಲಲ್ಲಿ ನಾನು ಓದಿದ್ದು ಅವರ ಬೆನ್ನನ್ನ.”