ಮಾತಿನ ರೇಡಿಯೋ ಮತ್ತು ಮೆತ್ತಗಾದ ನನ್ನ ದನಿ

"ಯಾಕವ್ವ ಹಿಂಗ್ ಬಯ್ತಿದ್ದೀಯ? ನಾನೇನ್ ತಪ್ ಮಾಡ್ದೆ?"

ಹಳೇಬೀಡಿಗೆ ಬಂದ ಮೂರನೇ ದಿನ, ಮೈಕಿನ ಮುಂದೆ ಕೂತ ಮೊದಲ ಬೆಳಿಗ್ಗೆ, ಮೊದಲ ಫೋನ್ ಕರೆಯಲ್ಲಿ ನನಗೆ ಸಿಕ್ಕ ಸ್ವಾಗತ ಇದು. ನಾನು ಯಾರನ್ನೂ ಬೈದಿರಲಿಲ್ಲ. ಲೈನಿನಲ್ಲಿ ಗೊರಗೊರ ಸದ್ದು ಬರುತ್ತಿತ್ತು ಅಂತ, "ಯಾರ್ರಿ ಅದು, ಜೋರ ಮಾತಾಡ್ರಿ, ಕೇಳಸವಲ್ದು" ಎಂದಿದ್ದೆ, ಅಷ್ಟೇ. ಉತ್ತರದ ನಮ್ಮೂರು ಇಂಡಿಯಲ್ಲಿ ಅವ್ವ ದೇವರ ಮುಂದೆ ಕೂತು ಮಾತಾಡುವುದೂ ಇದೇ ಧಾಟಿಯಲ್ಲಿ. ಆದರೆ ಆ ಕಡೆಯ ಹೆಂಗಸು ಗಾಬರಿಯಾಗಿ ಫೋನ್ ಇಟ್ಟುಬಿಟ್ಟಳು. ಸುತ್ತಲಿನ ಹಳ್ಳಿಗಳೆಲ್ಲ ಅದನ್ನು ಕೇಳಿದ್ದವು. ನಾನು ದಂಗಾಗಿ ಕೂತೆ. ಇಂಡಿ ರೋಡಿನಲ್ಲಿ ರೈಲು ಹತ್ತಿ ಅರಸೀಕೆರೆಯಲ್ಲಿ ಇಳಿದವಳು ನಾನು. ಒಂದು ರೈಲಿನ ದೂರಕ್ಕೆ ನನ್ನ ಕನ್ನಡ ಬೈಗುಳವಾಗಿ ಹೋಗಿತ್ತು.

ನಮ್ಮ ಕಡೆಯವರು ಕೇಳುತ್ತಲೇ ಇರುತ್ತೀರಿ, ಮಹಾದೇವಿ ಅಲ್ಲಿ ಏನು ಮಾಡುತ್ತಾಳೆ, ಆ ರೇಡಿಯೋ ಯಾಕೆ ಮುಚ್ಚಿತು, ಮುಚ್ಚಿದ ಮೇಲೂ ಯಾಕೆ ಬರಲಿಲ್ಲ ಅಂತ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆದೆ.

ಅದು ಸಮುದಾಯ ರೇಡಿಯೋ. ದೊಡ್ಡ ಆಕಾಶವಾಣಿಯಂಥದ್ದಲ್ಲ, ಹತ್ತು ಹದಿನೈದು ಕಿಲೋಮೀಟರಿಗೆ ಅದರ ಉಸಿರು ಮುಗಿಯುತ್ತಿತ್ತು. ಹಳೇಬೀಡು, ಮಾದಿಹಳ್ಳಿ ಕಡೆಗೆಲ್ಲ ಚೆನ್ನಾಗಿ ಕೇಳುತ್ತಿತ್ತು. ಬೇಲೂರಿನ ಅಂಚಿಗೆ ಹೋಗುವಷ್ಟರಲ್ಲಿ ಕೆಮ್ಮು ಹತ್ತಿದಂತಾಗುತ್ತಿತ್ತು. ಅದಕ್ಕೊಂದು ಸಂಸ್ಕೃತದ ಹೆಸರಿತ್ತು, ಯಾರ ಬಾಯಲ್ಲೂ ನಿಲ್ಲಲಿಲ್ಲ. ಹಾಡು ಹಾಕುವುದಕ್ಕೆ ಹಕ್ಕು ಬೇಕು, ಆ ತಂಟೆಯೇ ಬೇಡವೆಂದು ಟ್ರಸ್ಟಿನವರು ಬರೀ ಮಾತನ್ನೇ ಬಿತ್ತರಿಸಲು ನಿಶ್ಚಯಿಸಿದ್ದರು. ಜನ ಅದನ್ನು ಮಾತಿನ ರೇಡಿಯೋ ಎಂದು ಕರೆದರು.

ಕಟ್ಟಿದವರು ಪರಮೇಶಪ್ಪನವರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು, ಎಪ್ಪತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಬಿಳಿ ಅಂಗಿ. ಹಳೇಬೀಡಿನಲ್ಲಿ ಅವರದೊಂದು ಹಳೆಯ ತೆಂಗಿನಕಾಯಿ ಗೋದಾಮಿತ್ತು. ಅದರ ಮಹಡಿಯನ್ನೇ ರೇಡಿಯೋಗೆ ಬಿಟ್ಟುಕೊಟ್ಟಿದ್ದರು. ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆಸಿದ್ದರು. ತಮಾಷೆಯೆಂದರೆ, ನಮ್ಮ ಪ್ರಸಾರ ಅರಸೀಕೆರೆಗೆ ಮುಟ್ಟುತ್ತಲೇ ಇರಲಿಲ್ಲ. ತಾವು ಕಟ್ಟಿದ ರೇಡಿಯೋವನ್ನು ಅವರು ಮಂಡಿಯಲ್ಲಿ ಕೂತು ಫೋನಿನಲ್ಲಿ ಕೇಳಬೇಕಿತ್ತು. ದಿನಾ ಬೆಳಿಗ್ಗೆ ನಾನು ಅವರಿಗೆ ಫೋನ್ ಹಚ್ಚಿ, ಸ್ಟುಡಿಯೋದ ಸ್ಪೀಕರಿನ ಪಕ್ಕ ಇಟ್ಟು, ಆಮೇಲೆ ಮೈಕಿಗೆ ಕೂರುತ್ತಿದ್ದೆ.

ಆ ಮೊದಲ ದಿನದ ಕರೆ ಅವರೂ ಕೇಳಿದ್ದರು. ಸಂಜೆ ಬಸ್ಸಿಗೆ ಬಂದರು.

"ತಪ್ಪು ತಿಳ್ಕೋಬೇಡ ಕಣಮ್ಮ. ನಿಮ್ಮ ಕಡೆ ಮಾತು ಗಟ್ಟಿ. ಇಲ್ಲಿ ಹೆದರ್ಕೋತಾರೆ. ಒಸಿ ಮೆತ್ತಗೆ ಆಡು," ಎಂದರು. "ಇನ್ನೊಂದು, ನಮ್ಮಲ್ಲಿ ಯಾರ ಮುಖಕ್ಕೂ ಹೊಡೆದಂಗೆ 'ಇಲ್ಲ' ಅನ್ನಲ್ಲ. 'ನೋಡೋಣ' ಅಂತೀವಿ."

ನಮ್ಮಲ್ಲಿ ಇಲ್ಲ ಅಂದರೆ ಇಲ್ಲ, ಹೂಂ ಅಂದರೆ ಹೂಂ. ಈ 'ನೋಡೋಣ' ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಮನೆಯ ಮಾಲೀಕಳು ಕಮಲಮ್ಮ ಕೊಟ್ಟ ಪಾಠ ಬೇರೆ. ಬಾಡಿಗೆ ಮನೆ ಕೇಳಲು ಫೋನ್ ಮಾಡಿದಾಗ ನನ್ನ ದನಿ ಕೇಳಿ, ಇವಳು ಗಂಡನ ಜೊತೆ ಜಗಳ ಆಡಿ ಬಂದವಳಿರಬೇಕು ಎಂದುಕೊಂಡಿದ್ದಳಂತೆ. ನನಗೆ ಗಂಡನೇ ಇಲ್ಲ ಅಂದ ಮೇಲೆ, "ಅಯ್ಯೋ, ಹಂಗಾರೆ ಇದು ಹುಟ್ಟುಗುಣ ಬಿಡಿ" ಅಂದಳು. ಮುದ್ದೆ ಉಣ್ಣುವುದನ್ನು ಕಲಿಸಿದವಳೂ ಅವಳೇ. ಮುದ್ದೆ ಅಂದರೆ ರಾಗಿ ಹಿಟ್ಟಿನ ಬಿಸಿ ಉಂಡೆ. ಅದನ್ನು ಸಾರಿಗೆ ಅದ್ದಿ ನುಂಗಬೇಕು, ಅಗಿಯಬಾರದು. ರೊಟ್ಟಿ ಕಡಿದು ಬೆಳೆದ ನಾನು ಅಗಿದೆ. ಅದು ಹಲ್ಲಿಗೆ ಮೆತ್ತಿಕೊಂಡಿತು, ಕಮಲಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರಾತ್ರಿ ಕೋಣೆಗೆ ಬಂದು, ಅವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿಯನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ. ತಿನ್ನುವಾಗ ಅಳು ಬಂತು. ಒಂದು ವಾರಕ್ಕೆ ರೊಟ್ಟಿ ಮುಗಿದವು, ಮುದ್ದೆ ಒಳಗಿಳಿಯಿತು.

ಮೊದಲ ದಿನ ಹೆದರಿ ಫೋನ್ ಇಟ್ಟ ಹೆಂಗಸು ಮಾದಿಹಳ್ಳಿಯ ಪುಟ್ಟಮ್ಮ. ವಿಧವೆ, ಎರಡು ಹಸು ಇಟ್ಟುಕೊಂಡವಳು, ಓದು ಬರಹ ಬಾರದು. ವಾರ ಕಳೆದು ಮತ್ತೆ ಫೋನ್ ಮಾಡಿದಳು. ಅಷ್ಟರಲ್ಲಿ ನಾನು ಮೆತ್ತಗಾಗಿದ್ದೆ. "ನಮ್ಮ ಹಸ ಕರ ಹಾಕೈತೆ, ಅದನ್ನ ಹೇಳಬೌದಾ?" ಎಂದು ಕೇಳಿದಳು. ಹೇಳಿ ಅಂದೆ. ಕರು ಹೆಣ್ಣು, ಹಣೆ ಮೇಲೆ ಬಿಳಿ ಮಚ್ಚೆ, ಹಾಕಿದ್ದು ಬೆಳಗಿನ ಜಾವ, ಪಕ್ಕದ ಮನೆಯವರು ಬಂದು ಹಿಡಿದುಕೊಂಡರು, ಎಲ್ಲ ಹೇಳಿದಳು. ಅವತ್ತು ಮಧ್ಯಾಹ್ನದೊಳಗೆ ನಾಲ್ಕು ಜನ ಅವಳ ಕೊಟ್ಟಿಗೆಗೆ ಹೋಗಿ ಕರು ನೋಡಿ ಬಂದಿದ್ದರಂತೆ.

ಆಮೇಲೆ ದಿನಾ ಏಳು ಗಂಟೆಗೆ, ಡೈರಿಗೆ ಹಾಲು ಹಾಕಿ ಬಂದವಳೇ ಫೋನ್ ಮಾಡುತ್ತಿದ್ದಳು. ಯಾರ ಹಸು ತಪ್ಪಿಸಿಕೊಂಡಿದೆ, ಯಾವ ಕೊಳವೆಬಾವಿ ಕೆಟ್ಟಿದೆ, ಬೇಲೂರಿನ ಬಸ್ಸು ಯಾಕೆ ತಡವಾಯಿತು, ಎಲ್ಲ ಅವಳಿಗೆ ಗೊತ್ತು. ಅದಕ್ಕೆ ನಾವು 'ಮಾದಿಹಳ್ಳಿ ಸುದ್ದಿ' ಎಂದು ಹೆಸರಿಟ್ಟೆವು. ಡೈರಿಯ ಕಿಟಕಿಯಲ್ಲೊಂದು ರೇಡಿಯೋ ಬಂತು, ಆಟೋಗಳಲ್ಲಿ ಬಂತು, ದೇವಸ್ಥಾನದ ಮುಂದಿನ ಎಳನೀರಿನ ಗಾಡಿಗಳಲ್ಲಿ ಬಂತು. ಅತ್ತೆ ಸೊಸೆಯರು ರೇಡಿಯೋದಲ್ಲೇ ಜಗಳ ಆಡಿ ರೇಡಿಯೋದಲ್ಲೇ ರಾಜಿಯಾದರು. ಪುಟ್ಟಮ್ಮ ಸಂತೆಗೆ ಹೋದರೆ ಜನ ತಿರುಗಿ ನೋಡುತ್ತಿದ್ದರು. "ನನ್ ಗಂಡ ಇದ್ದಾಗ್ಲೂ ನನ್ನ ಯಾರೂ ಏನೇ ಅಂತ ಕೇಳಿರ್ನಿಲ್ಲ ಕಣವ್ವ. ಈಗ ನಾನು ಬಾಯಿ ತೆಗೆದ್ರೆ ಊರೇ ಸುಮ್ಕಾಯ್ತದೆ," ಎಂದು ಒಮ್ಮೆ ನನ್ನ ಕೈ ಹಿಡಿದು ಹೇಳಿದಳು.

ನನಗೂ ಅಷ್ಟೇ. ಇಲ್ಲಿ ನನಗೆ ನೆಂಟರಿಲ್ಲ, ಜಾತ್ರೆಗೆ ಕರೆಯುವವರಿಲ್ಲ. ಆದರೆ ಅಂಗಡಿಯಲ್ಲಿ ಉಪ್ಪು ಕೇಳಿದರೆ ಸಾಕು, ದನಿ ಹಿಡಿದು, "ಓ, ರೇಡಿಯೋ ಮೇಡಮ್ಮು" ಎನ್ನುತ್ತಿದ್ದರು. ಏಳು ವರ್ಷ ಹೀಗೇ ಹೋಯಿತು. ಆ ಗೋದಾಮಿನ ಮಹಡಿ ಇರುವ ತನಕ ಈ ಊರಲ್ಲಿ ನನಗೊಂದು ಜಾಗ ಇತ್ತು.

ಹೋದ ವರ್ಷ ಪರವಾನಗಿಯ ಅವಧಿ ಮುಗಿಯುತ್ತ ಬಂತು. ಟ್ರಸ್ಟಿನ ಅಧ್ಯಕ್ಷರಾದ ಪರಮೇಶಪ್ಪನವರ ಸಹಿ ಇರುವ ಅರ್ಜಿಯನ್ನು ಗೊತ್ತುಮಾಡಿದ ದಿನದೊಳಗೆ ದೆಹಲಿಗೆ ಕಳಿಸಬೇಕು, ತಪ್ಪಿದರೆ ಪ್ರಸಾರ ನಿಲ್ಲಿಸಬೇಕು. ಕಾಗದವೆಲ್ಲ ಸಿದ್ಧಮಾಡಿಕೊಂಡು ನಾನು ಬಸ್ಸು ಹತ್ತಿ ಅರಸೀಕೆರೆಯ ಮಂಡಿಗೆ ಹೋದೆ. ಕೊನೆಯ ದಿನಕ್ಕೆ ಇನ್ನೂ ಮೂರು ವಾರ ಇತ್ತು. ಬರೀ ಸಹಿ ಬೇಕಿತ್ತು.

ಪರಮೇಶಪ್ಪನವರು ಕಾಗದ ಓದಿದರು, ಕನ್ನಡಕ ತೆಗೆದರು, ಗೋಡೆಯ ಕ್ಯಾಲೆಂಡರ್ ನೋಡಿದರು.

"ನಿನ್ನೆ ಅಮಾವಾಸ್ಯೆ ಆಯ್ತು. ಇವತ್ತಿಂದ ಆಷಾಢ ಕಣಮ್ಮ. ಇದು ಹೊಸ ಕರಾರು. ಆಷಾಢದಲ್ಲಿ ಹೊಸದಕ್ಕೆ ನಾನು ಸಹಿ ಹಾಕಿದವನಲ್ಲ. ಶ್ರಾವಣದ ಮೊದಲ ಸೋಮವಾರ ಹಾಕೋಣ."

"ಕೊನೇ ದಿನ ಅದಕ್ಕೆ ಮೊದಲೇ ಬರುತ್ತೆ, ಪರಮೇಶಪ್ಪನೋರೆ."

"ಫೋನ್ ಮಾಡಿ ಒಂದು ಮಾತು ಹೇಳು. ಹಿಂಗಿಂಗೆ, ಆಷಾಢ ಕಳೀತಿದ್ದಂಗೆ ಕಳಿಸ್ತೀವಿ ಅಂತ. ಅವರೂ ಮನುಷ್ಯರೇ ತಾನೇ."

ನಗಬೇಡಿ. ಅವರು ಮೂಢರಲ್ಲ. ಅವರ ಮಂಡಿ ನಡೆದದ್ದೇ ಬಾಯಿ ಮಾತಿನ ಮೇಲೆ. ಲಾರಿಗಟ್ಟಲೆ ಕೊಬ್ಬರಿ, 'ಆಯ್ತು ಕಣಪ್ಪ' ಎಂಬ ಒಂದು ಮಾತಿಗೆ ಊರು ಬಿಟ್ಟು ಹೋಗುತ್ತಿತ್ತು, ಯಾರೂ ಯಾರಿಗೂ ಮೋಸ ಮಾಡಿದ್ದಿಲ್ಲ. ಗೋದಾಮಿನ ಮಹಡಿಯನ್ನು ನಮಗೆ ಕೊಟ್ಟದ್ದೂ ಹಾಗೇ, ಒಂದು ಚೀಟಿಯಿಲ್ಲದೆ. ಮಾತು ಕೊಡುವವನ ದನಿ ಕೇಳಿದರೆ ಸಾಕು, ಎದುರಿನವರು ನಂಬುತ್ತಾರೆ ಎಂದು ಅವರು ನಂಬಿದ್ದರು.

ನಮ್ಮ ಕಡೆಯೂ ಆಷಾಢದಲ್ಲಿ ಮದುವೆ ಮಾಡುವುದಿಲ್ಲ. ಆದರೆ ಸರಕಾರಿ ಕಾಗದಕ್ಕೆ ಯಾರೂ ಮಾಸ ನೋಡುವುದಿಲ್ಲ. ನಮ್ಮವ್ವ ಅಲ್ಲಿದ್ದಿದ್ದರೆ ಪೆನ್ನು ತೆಗೆದು ಅವರ ಬೆರಳಿಗೆ ಸಿಕ್ಕಿಸುತ್ತಿದ್ದಳು. ಏಳು ವರ್ಷದ ಹಿಂದಿನ ನಾನಾದರೂ ಅದನ್ನೇ ಮಾಡುತ್ತಿದ್ದೆ. ಆದರೆ ಹೊರಗಿನವಳು ನಾನು, ಇದು ಇವರ ಪದ್ಧತಿ, ಹಿರಿಯರ ಮುಖಕ್ಕೆ ಹೊಡೆದಂತೆ ಹೇಗೆ ಹೇಳುವುದು ಅನ್ನಿಸಿತು. "ಸರಿ, ನೋಡೋಣ" ಎಂದು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ದೆಹಲಿಗೆ ಫೋನ್ ಮಾಡಿದೆ. ಆ ಕಡೆಯವರು ಹಿಂದಿಯಲ್ಲಿ ಸಮಾಧಾನವಾಗಿಯೇ ಮಾತಾಡಿದರು. ತಾರೀಖು ಅಂದರೆ ತಾರೀಖು ಎಂದರು. ಅದನ್ನು ಪರಮೇಶಪ್ಪನವರಿಗೆ ಹೇಳುವಾಗ ನಾನು ಎಷ್ಟು ಮೆತ್ತಗೆ ಹೇಳಿದೆನೆಂದರೆ, "ಸ್ವಲ್ಪ ಕಷ್ಟ ಅಂತಿದಾರೆ" ಎಂದೆ. ಅವರು, "ಇನ್ನೊಂದ್ಸಲ ಮಾಡು" ಎಂದರು.

ಶ್ರಾವಣದ ಮೊದಲ ಸೋಮವಾರ ಅವರು ಮಿಂದು, ಮಠಕ್ಕೆ ಹೋಗಿ, ಹೂವು ಹಣ್ಣು ಹಿಡಿದು ಸ್ಟುಡಿಯೋಗೆ ಬಂದರು. ಅರ್ಜಿಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ದುಂಡಗೆ ಸಹಿ ಹಾಕಿದರು. ಕಮಲಮ್ಮ ಎಲ್ಲರಿಗೂ ಸಿಹಿ ಹಂಚಿದಳು. ನಾನು ಅರಿಶಿನದ ಮೂಲೆ ಸಮೇತ ಸ್ಕ್ಯಾನ್ ಮಾಡಿ ಕಳಿಸಿದೆ. ಕೊನೆಯ ದಿನ ಆಗಲೇ ದಾಟಿತ್ತು.

ಗುರುವಾರ ಬೆಳಿಗ್ಗೆ ಏಳೂವರೆಗೆ, ಪುಟ್ಟಮ್ಮ ಲೈನಿನಲ್ಲಿ ಇರುವಾಗಲೇ, ಕಂಪ್ಯೂಟರಿನಲ್ಲಿ ಉತ್ತರ ಬಂತು. ಅವಧಿ ಮುಗಿದಿದೆ, ಪ್ರಸಾರವನ್ನು ಕೂಡಲೇ ನಿಲ್ಲಿಸತಕ್ಕದ್ದು. ಎರಡು ಸಾಲು. ಮತ್ತೆ ಓದಿದೆ. ಪುಟ್ಟಮ್ಮ ಯಾವುದೋ ಎಮ್ಮೆಯ ವಿಷಯ ಹೇಳುತ್ತಿದ್ದಳು, ನನಗೊಂದು ಅಕ್ಷರ ಕೇಳಿಸಲಿಲ್ಲ. ಇಷ್ಟು ದಿನ ಹೆದರಿದ್ದೇನೋ ನಿಜ, ಆದರೆ ಹೀಗೆ ಆಗಿಯೇ ಬಿಡುತ್ತದೆ ಎಂದು ನಾನೂ ನಂಬಿರಲಿಲ್ಲ. ಇವರ 'ನೋಡೋಣ' ನನ್ನ ರಕ್ತಕ್ಕೂ ಇಳಿದಿತ್ತು.

"ಪುಟ್ಟಮ್ಮ," ಎಂದೆ. "ರೇಡಿಯೋ ನಿಲ್ಲಿಸಬೇಕಂತೆ."

"ಕರೆಂಟ್ ಓಗೈತಾ?"

"ಇಲ್ಲ. ಪೂರಾ ನಿಲ್ಲಿಸಬೇಕಂತೆ. ಇವತ್ತಿಗೆ."

ಅವಳು ಸುಮ್ಮನಾದಳು. ಸುತ್ತಲಿನ ಹಳ್ಳಿಗಳೆಲ್ಲ ಆ ಮೌನ ಕೇಳಿದವು. ಆಮೇಲೆ ಅವಳು, "ಹಂಗಾರೆ ನಾಳೆ ನಾನು ಯಾರಿಗ್ ಹೇಳ್ಲಿ?" ಎಂದಳು.

ಸ್ಪೀಕರಿನ ಪಕ್ಕ ಇಟ್ಟ ನನ್ನ ಫೋನಿನಲ್ಲಿ ಪರಮೇಶಪ್ಪನವರು, "ಏನಂತೆ? ಏನಂತೆ?" ಎನ್ನುತ್ತಿದ್ದರು. ಗುಂಡಿ ಒತ್ತಿ ಪ್ರಸಾರ ನಿಲ್ಲಿಸಿದೆ.

ಹೊಸದಾಗಿ ಅರ್ಜಿ ಹಾಕಬಹುದಂತೆ, ಮೊದಲಿನಿಂದ, ವರ್ಷಗಟ್ಟಲೆ ಕಾಯಬೇಕಂತೆ. ಪರಮೇಶಪ್ಪನವರಿಗೆ ಆ ವಯಸ್ಸಿಲ್ಲ, ಬೇರೆಯವರಿಗೆ ಆ ಹಟ ಇಲ್ಲ. ನಾನು ಗಂಟು ಕಟ್ಟಿ ಇಂಡಿಗೆ ಹೋದೆ. ಅವ್ವ ಎರಡು ದಿನ ನನ್ನನ್ನು ನೋಡಿದಳು. ಮೂರನೇ ದಿನ, "ಮೈಯಾಗ ಆರಾಮ ಇಲ್ಲೇನು? ಧ್ವನೀನ ಏಳವಲ್ದು," ಎಂದಳು. ಸಂತೆಯಲ್ಲಿ ಬದನೆಕಾಯಿ ಮಾರುವವಳು, "ಬೆಂಗಳೂರ ಕಡೆಯವ್ರೇನ್ರಿ?" ಎಂದು ಕೇಳಿದಳು. ರೊಟ್ಟಿ ಕಡಿದೆ, ದವಡೆ ನೋವು ಬಂತು. ಹದಿನೈದು ದಿನಕ್ಕೆ ವಾಪಸ್ಸು ರೈಲು ಹತ್ತಿದೆ. ಯಾಕೆಂದು ಅವ್ವ ಕೇಳಿದಳು. ಮನೆ ಖಾಲಿ ಮಾಡಬೇಕು ಎಂದು ಸುಳ್ಳು ಹೇಳಿದೆ.

ಹಳೇಬೀಡಿಗೆ ಬಂದವಳೇ ಗೋದಾಮಿಗೆ ಹೋದೆ. ಮಹಡಿಯಲ್ಲಿ ಆಗಲೇ ತೆಂಗಿನಕಾಯಿ ತುಂಬಿಸುತ್ತಿದ್ದರು. ನಾರಿನ ಚಾಪೆ ಇನ್ನೂ ಗೋಡೆಯಲ್ಲೇ ಇತ್ತು, ಅದಕ್ಕೆ ಕಾಯಿ ಉರುಳುವ ಸದ್ದೂ ಹೊರಗೆ ಹೋಗುತ್ತಿರಲಿಲ್ಲ. ಪರಮೇಶಪ್ಪನವರು ನನ್ನ ಹಳೆಯ ಕುರ್ಚಿಯಲ್ಲಿ ಕೂತಿದ್ದರು.

"ಬಂದ್ಯಾ? ಕೂತ್ಕೋ. ಏನ್ ಮಾಡೋದು ಹೇಳು, ಟೈಮು ಸರಿ ಇರಲಿಲ್ಲ," ಎಂದರು.

ಟೈಮು ಸರಿ ಇರಲಿಲ್ಲ ಎಂಬ ಆ ಮಾತಿಗೆ ನನ್ನೊಳಗೆ ಏಳು ವರ್ಷದಿಂದ ಮಡಚಿಟ್ಟದ್ದೆಲ್ಲ ಬಿಚ್ಚಿಕೊಂಡಿತು.

"ಟೈಮಿಗ್ಯಾಕ ಬೈತೀರಿ ಕಾಕಾ? ಟೈಮ ಮೂರ ವಾರ ನಿಮ್ಮ ಮುಂದ ಕುಂತಿತ್ತು. ಒಂದ ಸಹಿ. ಒಂದ ಸಹಿ ಹಾಕಾಕ ನಿಮಗ ಶ್ರಾವಣ ಬೇಕಾತು. ಆ ಮುದುಕಿ ಮಾದಿಹಳ್ಳ್ಯಾಗ ಯಾರ ಕೂಡ ಮಾತಾಡಬೇಕೀಗ? ನಾ ಯಾರ ಕೂಡ ಮಾತಾಡಬೇಕು?"

ಕಾಯಿ ತುಂಬುವವರು ಕೈ ನಿಲ್ಲಿಸಿದರು. ಹಿರಿಯರಿಗೆ ಹೀಗೆ ಗದರಿದ್ದು ಇಲ್ಲಿಗೆ ಬಂದ ಮೇಲೆ ಅದೇ ಮೊದಲು. ಪರಮೇಶಪ್ಪನವರು ತಲೆ ತಗ್ಗಿಸಿ ಕೇಳಿದರು. ಕಣ್ಣಲ್ಲಿ ನೀರು ತುಂಬಿತ್ತು.

"ಇದನ್ನ ಅವತ್ತು ಮಂಡೀಲೇ ಬಯ್ಬೇಕಿತ್ತು ಕಣಮ್ಮ," ಎಂದರು. "ನೀನು ಹಿಂಗೆ ಒಂದ್ಸಲ ಗದರಿದ್ದಿದ್ರೆ ಹೆದರ್ಕೊಂಡು ಸಹಿ ಹಾಕ್ಬುಡ್ತಿದ್ದೆ. ನಾವೇ ನಿನ್ನ ಮೆತ್ತಗೆ ಮಾಡಿಬಿಟ್ವಿ."

ನಾನು ಅವರ ಪಕ್ಕ ಕಾಯಿಯ ರಾಶಿಯ ಮೇಲೇ ಕೂತೆ.

ಮನೆ ಖಾಲಿ ಮಾಡಲಿಲ್ಲ. ಬೇಲೂರಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮಕ್ಕಳಿಗೆ ಯಾವ ಕನ್ನಡದಲ್ಲಿ ಹೇಳಬೇಕೆಂದು ಬಾಯಿ ತೆರೆಯುವ ಮೊದಲು ಒಂದು ಕ್ಷಣ ನಿಲ್ಲುತ್ತೇನೆ. ಇಂಡಿಗೆ ಫೋನ್ ಮಾಡಿದರೆ ಅವ್ವ ಜೋರು ಮಾತಾಡು ಅನ್ನುತ್ತಾಳೆ, ಕಮಲಮ್ಮ ಗೋಡೆಯಾಚೆಯಿಂದ ಮೆಲ್ಲಗೆ ಅನ್ನುತ್ತಾಳೆ.

ಬೆಳಿಗ್ಗೆ ಏಳು ಗಂಟೆಗೆ ನನ್ನ ಫೋನು ಹೊಡೆದುಕೊಳ್ಳುತ್ತದೆ. ಹಾಗೆ ಮೊದಲು ಹೊಡೆದುಕೊಂಡದ್ದು ಗೋದಾಮಿನಿಂದ ಬಂದ ಮರುದಿನ. ಅದೇ ಗೊರಗೊರ ಸದ್ದು. "ಯಾರ್ರಿ ಅದು, ಜೋರ ಮಾತಾಡ್ರಿ, ಕೇಳಸವಲ್ದು," ಎಂದುಬಿಟ್ಟೆ, ಆಮೇಲೆ ನಾಲಿಗೆ ಕಚ್ಚಿಕೊಂಡೆ.

"ಬಯ್ಕೊಳ್ಳವ್ವ, ಬಯ್ಕೋ," ಎಂದಳು ಪುಟ್ಟಮ್ಮ. "ಇವತ್ತು ನಮ್ಮೂರಲ್ಲಿ ಏನಾಯ್ತು ಗೊತ್ತಾ?"

ಮಾದಿಹಳ್ಳಿಯ ಸುದ್ದಿಯನ್ನೆಲ್ಲ ಮೊದಲಿನ ಹಾಗೇ, ಊರಿಗೆಲ್ಲ ಹೇಳುವ ದನಿಯಲ್ಲಿ ಹೇಳಿದಳು. ನಾನೊಬ್ಬಳೇ ಕೇಳಿದೆ.