ಹಾಡು ಹಾಕದೆ ನೋಡಿದ ಸ್ಪೀಕರ್

ಎಂಬತ್ತರ ದಶಕದ ಮಾತು. ನನ್ನ ಹಸ್ಬೆಂಡ್ ಓಡಿಸುತ್ತಿದ್ದ ಟ್ಯಾಕ್ಸಿ ನಂದಿದುರ್ಗ ಚಿನ್ನದ ಗಣಿಯ ಲೈನ್‌ಮನೆಗಳ ಸಾಲಿನಲ್ಲಿದ್ದ ನಮ್ಮ ಮನೆ ಮುಂದೆ ನಿಂತೇ ಇತ್ತು. ಅದರೊಳಗೆ ಅವರು ತಂದಿಟ್ಟ ಕ್ಯಾಸೆಟ್ ಪ್ಲೇಯರ್, ಆಂಪ್ಲಿಫೈಯರ್, ಎರಡು ಸ್ಪೀಕರ್. ಕನೆಕ್ಷನ್ ಕೊಡುವ ಮೊದಲೇ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ತಿಥಿ ಮುಗಿದ ಮೇಲೆ ಮೈದುನ, ಕಾರು ಮಾರಿಬಿಡೋಣ, ಬೇತಮಂಗಲದಲ್ಲಿ ಒಬ್ಬ ಗಿರಾಕಿ ಇದ್ದಾನೆ ಅಂದ. ಬೇಡ ಅಂದೆ. ಕೊನೆಗೆ ಅವನೇ ಷರತ್ತು ಹಾಕಿದ: ಬಂಗಾರಪೇಟೆಯ ಮದುವೆ ಪಾರ್ಟಿಯೊಂದು ಹಾಡಿನ ಸೆಟ್ ಇರುವ ಕಾರೇ ಬೇಕೆನ್ನುತ್ತಿದೆ, ಆ ಬಾಡಿಗೆ ಸಿಕ್ಕಿದರೆ ಮುಂದಕ್ಕೂ ತಾನೇ ಓಡಿಸುತ್ತಾನೆ, ಇಲ್ಲದಿದ್ದರೆ ಮಾರುವುದೇ.

ಕನೆಕ್ಷನ್ ನಾನೇ ಕೊಟ್ಟೆ. ಡಬ್ಬದಲ್ಲಿದ್ದ ಬುಕ್‌ಲೆಟ್ ಇಂಗ್ಲಿಷಿನದು. ಕಾನ್ವೆಂಟಿನಲ್ಲಿ ಓದಿದವಳಿಗೆ ಅದೇನೂ ಕಷ್ಟವಾಗಲಿಲ್ಲ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಟ್ಟೆ. ಪ್ಲಸ್ ವೈರಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದೆ. ಆ ವೈರ್ ಇಂಜಿನ್ ಹಿಂದಿನ ತಗಡಿನ ತೂತಿನಲ್ಲಿ ಹಾದುಬರುವ ಕಡೆ ಉಜ್ಜಿ ಸಿಪ್ಪೆ ಹೋಗದಂತೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ನಾನು ಎಲ್ಲೋ ದೂರ ನಿಂತು ನೋಡುತ್ತಿದ್ದ ಹಾಗಿತ್ತು.

"ಅತ್ಗೆ, ಸ್ಪೀಕರ್‌ಗೆ ಒಂದೇ ವೈರ್ ಸಾಕು. ಇನ್ನೊಂದ್ನ ಕಾರಿನ್ ಬಾಡೀಗೆ ಕೊಟ್ಬಿಡಿ. ಎಲ್ರೂ ಅಂಗೇ ಮಾಡೋದು," ಅಂದ ಮೈದುನ.

"ಈ ಆಂಪ್ಲಿಫೈಯರಿಗೆ ಹಾಗೆ ಕೊಟ್ಟರೆ ಸುಟ್ಟುಹೋಗುತ್ತೆ ಕಣಯ್ಯ. ಒಂದೊಂದಕ್ಕೂ ಬೇರೆ ಜೋಡಿ ವೈರ್ ಬೇಕು."

"ನೋಡವ್ವಾ ನಿನ್ ಸೊಸೇನ, ಕಾರ್ಗೂ ಪಾಠ ಏಳ್ತಾವ್ರೆ!"

ಅತ್ತೆ ನಗಲಿಲ್ಲ. ಅವರು ಕ್ಯಾಸಂಬಳ್ಳಿ ಕಡೆಯವರು, ಮಗ ಹೋಗಿ ವರ್ಷ ತುಂಬುವವರೆಗೆ ಮನೆಯಲ್ಲಿ ರೇಡಿಯೋ ಕೂಡ ಹಾಕಬಾರದು ಎಂದಿದ್ದರು. "ವೈರ್ ಕಟ್ಕೊಳಮ್ಮಾ, ಬ್ಯಾಡ ಅನ್ನಲ್ಲ. ಆಡು ಮಾತ್ರ ಈ ಮನೆ ಮುಂದೆ ಕೇಳ್ಬಾರ್ದು."

ಹಾಗಾಗಿ ಹಾಡು ಹಾಕದೆ ನೋಡಲು ಟಾರ್ಚಿನ ಸೆಲ್ ತಂದೆ. ಆಂಪ್ಲಿಫೈಯರಿಗೆ ಸೇರಿಸುವ ಮೊದಲು ಸ್ಪೀಕರಿನ ವೈರ್ ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿದರೆ ಟುಕ್ ಎನ್ನುತ್ತದೆ. ಪ್ಲಸ್ಸಿಗೆ ಪ್ಲಸ್ ಬಂದಿದ್ದರೆ ಸ್ಪೀಕರಿನ ಕಾಗದ ಮುಂದಕ್ಕೆ ಉಬ್ಬುತ್ತದೆ. ಎರಡೂ ಮುಂದಕ್ಕೆ ಬಂದವು. ತುದಿಗಳನ್ನು ಆಂಪ್ಲಿಫೈಯರಿಗೆ ಸೇರಿಸಿ, ತಾಮ್ರ ಎಲ್ಲೂ ಕಾಣದಂತೆ ನೀಟಾಗಿ ಟೇಪ್ ಸುತ್ತಿ, ಕೊನೆಗೆ ಬ್ಯಾಟರಿ ಸೇರಿಸಿದೆ. ಆಂಪ್ಲಿಫೈಯರಿನ ಕೆಂಪು ಲೈಟ್ ಹತ್ತಿತು.

"ಬರೀ ಲೈಟ್ ತೋರ್ಸುದ್ರೆ ಪಾರ್ಟಿ ಒಪ್ತಾರಾ ಅತ್ಗೆ? ದಾರೀಲಿ ಕೈ ಕೊಟ್ರೆ ನಂಗೇ ಬಯ್ಯೋದು."

"ಲೈನ್ ದಾಟಿ ಓಗಿ ಆಕ್ಕೊಳ್ಳಿ," ಅಂದರು ಅತ್ತೆ. ಹಾಗಂದವರು ತಾವೇ ಬಂದು ಹಿಂದಿನ ಸೀಟಿನಲ್ಲಿ ಕೂತರು.

ಮನೆಸಾಲು ಹಿಂದಾದ ಮೇಲೆ ಮೈದುನ ಕಾರು ನಿಲ್ಲಿಸಿ ಕ್ಯಾಸೆಟ್ ಹಾಕಿದ. ಹಾಡು ಎರಡೂ ಕಡೆಯಿಂದ ಬಂತು, ಕ್ಲಿಯರಾಗಿ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ವೈರ್ ಮುಟ್ಟಿ ನೋಡಿದೆ. ಬಿಸಿಯಾಗಿರಲಿಲ್ಲ.

"ಇದ್ಕೆ ಪಾರ್ಟಿ ಒಪ್ತಾರೆ ಬಿಡಿ. ಬೇತಮಂಗಲದೋನ್ಗೆ ಬರ್ಬೇಡ ಅಂತ ಏಳ್ಬಿಡ್ತೀನಿ," ಅಂದ ಮೈದುನ.

ಸರಿ ಅಂದೆ. ಸಂತೋಷವಾಗಬೇಕಿತ್ತು. ಎಡಗಡೆಯ ಸ್ಪೀಕರ್ ತುಸು ಜೋರಾಯಿತು ಅನಿಸಿ, ಬ್ಯಾಲೆನ್ಸ್ ಸ್ವಲ್ಪ ಬಲಕ್ಕೆ ತಿರುಗಿಸಿದೆ.